ಒಂದು ತಲೆ, ಆರು ವೆಬ್‌ಸೈಟ್: ಎಲ್ಲವನ್ನೂ ಒಟ್ಟಿಗೇ ನೋಡಿಕೊಳ್ಳಲು ಆಗುತ್ತದೆಯೇ?

“ಒಂದೇ ಹೊತ್ತಿಗೆ ನಾಲ್ಕು ಕೆಲಸ ಮಾಡುವವರ ಮೆದುಳು ಉಳಿದವರಿಗಿಂತ ಚುರುಕು.” “ಮಲ್ಟಿಟಾಸ್ಕಿಂಗ್ ಹೆಂಗಸರಿಗೆ ಹುಟ್ಟಿನಿಂದಲೇ ಬಂದಿರುತ್ತದೆ, ಗಂಡಸರಿಗೆ ಬರುವುದಿಲ್ಲ.” ಈ ಬಗೆಯ ಸಾಲುಗಳು ಹೂವಿನ ಚಿತ್ರದ ಮೇಲೆ, ಶುಭೋದಯದ ಜೊತೆ, ನಿಮ್ಮ ಗ್ರೂಪಿಗೂ ಬಂದಿರುತ್ತವೆ. ಮುಂದಕ್ಕೆ ಕಳಿಸಿದರೆ ಯಾರಿಗೂ ನಷ್ಟವಿಲ್ಲ ಎನಿಸುತ್ತದೆ. ನಮಗೂ ಹಾಗೇ ಅನಿಸಿತ್ತು. ಅದನ್ನು ನಂಬಿಕೊಂಡೇ ನಾವು ಒಂದು ವೆಬ್‌ಸೈಟನ್ನು ಕಳೆದುಕೊಂಡೆವು.

ಓದುತ್ತಿದ್ದ ದಿನಗಳಲ್ಲಿ ನಾವು ನಾಲ್ಕು ಮಂದಿ ಸೇರಿ ಕನ್ನಡದಲ್ಲಿ ಆರೋಗ್ಯ ಮಾಹಿತಿ ಕೊಡುವ ಒಂದು ಸಣ್ಣ ವೆಬ್‌ಸೈಟ್ ಮಾಡಿದ್ದೆವು. ಸಕ್ಕರೆ ಕಾಯಿಲೆ ಇರುವವರು ಪಾದವನ್ನು ದಿನಾ ಹೇಗೆ ನೋಡಿಕೊಳ್ಳಬೇಕು ಎಂಬ ಒಂದು ಲೇಖನ ಚೆನ್ನಾಗಿ ಓಡಿತು. ನಮಗೆ ಪರಿಚಯವೇ ಇಲ್ಲದ ಗ್ರೂಪುಗಳನ್ನು ಸುತ್ತಿ ತಿರುಗಿ ನಮಗೇ ಬಂತು. ‘ಈ ಹುಡುಗರಿಗೆ ವೆಬ್‌ಸೈಟ್ ಮಾಡೋಕೆ ಬರುತ್ತೆ’ ಎಂಬ ಸುದ್ದಿ ಹರಡಿದ ಮೇಲೆ ಉಳಿದವು ತಾವಾಗಿಯೇ ಬಂದವು: ಒಬ್ಬರ ಚಿಕ್ಕಪ್ಪನ ಹೋಂಸ್ಟೇ, ಊರಿನ ಹೈಸ್ಕೂಲಿನ ಹಳೆ ವಿದ್ಯಾರ್ಥಿಗಳ ಸಂಘ, ಒಂದು ನಾಟಕ ತಂಡ, ಒಂದು ಪುಸ್ತಕದಂಗಡಿ, ಒಂದು ವಿಚಾರ ಸಂಕಿರಣ. ಎರಡು ವರ್ಷದಲ್ಲಿ ಆರಾದವು. ಬ್ರೌಸರಿನಲ್ಲಿ ಆರು ಟ್ಯಾಬ್ ತೆರೆದಿಟ್ಟುಕೊಂಡು, ಫೋನಿನಲ್ಲಿ ಆರೂ ಸೈಟಿನ ನೋಟಿಫಿಕೇಶನ್ ಹಾಕಿಕೊಂಡು, ಎಲ್ಲವೂ ನಮ್ಮ ಕೈಯಲ್ಲಿದೆ ಎಂದುಕೊಂಡಿದ್ದೆವು.

ಒಂದು ಭಾನುವಾರ ನಮ್ಮಲ್ಲೊಬ್ಬರ ದೊಡ್ಡಮ್ಮ ಮಂಡ್ಯದಿಂದ ಫೋನ್ ಮಾಡಿದರು. “ಏನ್ ಮಗಾ, ನಿಮ್ ಸೈಟಲ್ಲಿ ಸಕ್ಕರೆ ಕಾಯಿಲೆಗೆ ಪುಡಿ ಮಾರ್ತಾ ಇದೀರಲ್ಲ. ಅದು ತಗೊಂಡ್ರೆ ಮಾತ್ರೆ ನಿಲ್ಲಿಸ್ಬೋದು ಅಂತ ಹಾಕಿದೀರಿ. ನಿಲ್ಲಿಸ್ಲಾ?”

ನಾವು ಯಾವ ಪುಡಿಯನ್ನೂ ಮಾರುತ್ತಿರಲಿಲ್ಲ. ಗಾಬರಿಯಾಗಿ ಲಿಂಕ್ ಒತ್ತಿ ನೋಡಿದರೆ ವಿಳಾಸ ನಮ್ಮದೇ, ಹೆಸರೂ ನಮ್ಮದೇ. ಒಳಗೆ ಮಾತ್ರ ಯಾರದೋ ಅಂಗಡಿ. ಎರಡು ವರ್ಷದ ಹಿಂದೆ ದೊಡ್ಡಮ್ಮನೇ ಮನೆಯವರ ಗ್ರೂಪಿಗೆ ಹಾಕಿದ್ದ ಪಾದದ ಲೇಖನದ ಲಿಂಕ್ ಅದು. ಆವತ್ತು ಪಾದಕ್ಕೆ ಏನೋ ಆಗಿದೆ ಎಂದು ಹುಡುಕಿ ತೆರೆದಿದ್ದರು. ಪುಣ್ಯಕ್ಕೆ ಅವರು ಕೇಳಿದರು. (ವೈದ್ಯರನ್ನು ಕೇಳದೆ ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಬೇಡಿ. ಯಾವ ಪುಡಿಯ ಜಾಹೀರಾತು ಏನೇ ಹೇಳಲಿ.) ಆದರೆ ಆ ಲಿಂಕ್ ಎಷ್ಟು ಗ್ರೂಪುಗಳಿಗೆ ಹೋಗಿತ್ತೋ, ಅದನ್ನು ತೆರೆದು ಯಾರನ್ನೂ ಕೇಳದೆ ಮಾತ್ರೆ ಬಿಟ್ಟವರು ಇದ್ದರೋ ಇಲ್ಲವೋ, ನಮಗೆ ಈಗಲೂ ಗೊತ್ತಿಲ್ಲ.

ವೆಬ್‌ಸೈಟಿನ ಹೆಸರು ಸ್ವಂತದ್ದಲ್ಲ, ಬಾಡಿಗೆಯದ್ದು

ವೆಬ್‌ಸೈಟಿನ ವಿಳಾಸಕ್ಕೆ ಡೊಮೈನ್ ಎನ್ನುತ್ತಾರೆ. ‘ಡೊಮೈನ್ ಕೊಂಡುಕೊಂಡೆವು’ ಎಂದು ನಾವೆಲ್ಲ ಹೇಳುತ್ತೇವೆ, ಆದರೆ ಅದನ್ನು ಯಾರೂ ಕೊಂಡುಕೊಳ್ಳಲು ಆಗುವುದಿಲ್ಲ. ವರ್ಷಕ್ಕೋ ಕೆಲವು ವರ್ಷಕ್ಕೋ ಬಾಡಿಗೆ ಕಟ್ಟಿ ಇಟ್ಟುಕೊಂಡಿರುತ್ತೇವೆ. ಬಾಡಿಗೆ ಕಟ್ಟದಿದ್ದರೆ ಅಂಗಡಿ ಖಾಲಿ ಮಾಡಿಸಿದ ಹಾಗೆ. ವ್ಯತ್ಯಾಸ ಇಷ್ಟೇ, ಇಲ್ಲಿ ಹಳೆಯ ಬೋರ್ಡು ಹಾಗೇ ಇರುತ್ತದೆ. ಹೊಸಬರು ಅದೇ ಬೋರ್ಡಿನ ಕೆಳಗೆ ಬಂದು ಕೂರುತ್ತಾರೆ.

ಡಾಟ್ ಕಾಮ್ ಹೆಸರು ಒಂದೇ ರಾತ್ರಿಯಲ್ಲಿ ಕೈಬಿಟ್ಟು ಹೋಗುವುದಿಲ್ಲ. ಅವಧಿ ಮುಗಿಯುವ ಸುಮಾರು ಒಂದು ತಿಂಗಳ ಮುಂಚೆ ಒಂದು ಮೇಲ್, ಸುಮಾರು ಒಂದು ವಾರದ ಮುಂಚೆ ಇನ್ನೊಂದು, ಮುಗಿದ 5 ದಿನದೊಳಗೆ ಮತ್ತೊಂದು ಕಳಿಸಬೇಕೆಂಬುದು ಡೊಮೈನ್ ಮಾರುವ ಕಂಪನಿಗಳಿಗೆ ಇರುವ ನಿಯಮ. ಅವಧಿ ಮುಗಿದ ಮೇಲೂ ಕಂಪನಿ 45 ದಿನದವರೆಗೆ ಇಟ್ಟುಕೊಂಡಿರಬಹುದು. ಆಮೇಲೆ ದಂಡ ಕಟ್ಟಿ ಬಿಡಿಸಿಕೊಳ್ಳಲು 30 ದಿನ. ಅದೂ ಕಳೆದು 5 ದಿನಕ್ಕೆ ಹೆಸರು ಸಾರ್ವಜನಿಕ, ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಎಷ್ಟೋ ಸಲ ಅದಕ್ಕೂ ಮುಂಚೆಯೇ ಹರಾಜಾಗಿರುತ್ತದೆ.

ನಮಗೂ ಆ ಮೇಲ್‌ಗಳು ಬಂದಿದ್ದವು. ಬಂದದ್ದು ಕಾಲೇಜು ಕೊಟ್ಟಿದ್ದ ಇಮೇಲ್ ವಿಳಾಸಕ್ಕೆ. ಕೋರ್ಸ್ ಮುಗಿದ ಮೇಲೆ ಆ ವಿಳಾಸವೇ ಬಂದ್ ಆಗಿತ್ತು. ನಾಲ್ವರಲ್ಲಿ ಪ್ರತಿಯೊಬ್ಬರೂ ‘ಇನ್ನೊಬ್ಬರು ಕಟ್ಟಿರುತ್ತಾರೆ’ ಎಂದುಕೊಂಡಿದ್ದೆವು. ಆ ತಿಂಗಳುಗಳಲ್ಲಿ ನಾವು ಸುಮ್ಮನೆ ಕೂತಿರಲಿಲ್ಲ ಎಂಬುದೇ ಇದರಲ್ಲಿ ವಿಚಿತ್ರ. ನಾಟಕ ತಂಡದ ಫೋಟೋ ಹಾಕುತ್ತಿದ್ದೆವು, ಹೋಂಸ್ಟೇ ಬುಕಿಂಗ್ ಫಾರಂ ಸರಿ ಮಾಡುತ್ತಿದ್ದೆವು, ಸಂಕಿರಣದ ಸೈಟಿನ ಬಣ್ಣ ಬದಲಾಯಿಸಿ ಎಂದವರಿಗೆ ಬದಲಾಯಿಸಿ ಕೊಡುತ್ತಿದ್ದೆವು. ಬೆಳಗಿನಿಂದ ರಾತ್ರಿವರೆಗೆ ಒಂದರಿಂದ ಇನ್ನೊಂದಕ್ಕೆ ಹಾರುತ್ತಿದ್ದೆವು. ಸದ್ದು ಮಾಡಿದ್ದಕ್ಕೆಲ್ಲ ಓಡಿದೆವು. ಸದ್ದಿಲ್ಲದೆ ಕೈಬಿಟ್ಟು ಹೋಗುತ್ತಿದ್ದದ್ದು ಕಾಣಲಿಲ್ಲ.

ಹೀಗಾಗುವುದು ಅನುಭವವಿಲ್ಲದ ಹುಡುಗರಿಗೆ ಮಾತ್ರ ಎಂದುಕೊಳ್ಳಬೇಡಿ. 1999ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ ತನ್ನ ಪಾಸ್‌ಪೋರ್ಟ್ ಡಾಟ್ ಕಾಮ್ ಎಂಬ ಡೊಮೈನಿನ ಹಣ ಕಟ್ಟಲು ಮರೆತಿತ್ತು. ಹಾಟ್‌ಮೇಲ್ ಬಳಸುತ್ತಿದ್ದವರು ಲಾಗಿನ್ ಆಗಲು ಬೇಕಾದ ವಿಳಾಸ ಅದು. ಅಮೆರಿಕದ ಒಬ್ಬ ಪ್ರೋಗ್ರಾಮರ್ ತನ್ನ ಮೇಲ್ ಏಕೆ ತೆರೆಯುತ್ತಿಲ್ಲ ಎಂದು ಹುಡುಕಿ, ಕಾರಣ ತಿಳಿದು, ಕ್ರಿಸ್‌ಮಸ್ ಮುನ್ನಾದಿನ ತನ್ನ ಕಾರ್ಡಿನಿಂದಲೇ 35 ಡಾಲರ್ ಕಟ್ಟಿದ. ಒಳ್ಳೆಯವನ ಕೈಗೆ ಸಿಕ್ಕಿತು, ಬಚಾವಾದರು.

ಹಳೆಯ ಹೆಸರುಗಳು ಬೇರೆಯವರಿಗೆ ಏಕೆ ಬೇಕು? ಆ ಹೆಸರಿಗೆ ಬೇರೆ ಸೈಟುಗಳು ಕೊಟ್ಟ ಲಿಂಕ್, ಗೂಗಲ್ ಕೊಟ್ಟ ಸ್ಥಾನ, ನಮ್ಮ ದೊಡ್ಡಮ್ಮನಂಥವರ ನಂಬಿಕೆ ಎಲ್ಲವೂ ಹೆಸರಿನ ಜೊತೆಗೇ ಸಿಗುತ್ತದೆ. ಜೂಜಿನ ಸೈಟುಗಳಿಗೆ, ನಕಲಿ ಔಷಧ ಮಾರುವವರಿಗೆ ಇದು ಸಿದ್ಧ ಊಟ. 2024ರ ಮಾರ್ಚಿನಲ್ಲಿ ಗೂಗಲ್ ತನ್ನ ಸ್ಪ್ಯಾಮ್ ನಿಯಮಗಳಲ್ಲಿ ‘ಅವಧಿ ಮುಗಿದ ಡೊಮೈನಿನ ದುರ್ಬಳಕೆ’ ಎಂಬುದನ್ನೇ ಒಂದು ಪ್ರತ್ಯೇಕ ತಪ್ಪಾಗಿ ಸೇರಿಸಿತು. ಆದರೆ ಆ ನಿಯಮ ಕೆಲಸ ಮಾಡುವುದು ಗೂಗಲ್ ಹುಡುಕಾಟದಲ್ಲಿ. ವಾಟ್ಸಾಪಿನಲ್ಲಿ ಕೂತಿರುವ ಹಳೆಯ ಲಿಂಕಿಗೆ ಅದು ತಾಗುವುದಿಲ್ಲ.

ಹಾಗಾದರೆ ಮಲ್ಟಿಟಾಸ್ಕಿಂಗ್ ಸುಳ್ಳೇ?

ಒಂದು ಸಣ್ಣ ಪರೀಕ್ಷೆ ಮಾಡಿ. ಫೋನಿನ ಸ್ಟಾಪ್‌ವಾಚ್ ಒತ್ತಿ, ಒಂದರಿಂದ ಹತ್ತರವರೆಗೆ ಜೋರಾಗಿ ಎಣಿಸಿ. ಆಮೇಲೆ ಅ ಆ ಇ ಈ ಎಂದು ಹತ್ತು ಅಕ್ಷರ ಹೇಳಿ. ಎರಡಕ್ಕೂ ಸೇರಿ ಎಷ್ಟು ಸೆಕೆಂಡ್ ಆಯಿತು ನೋಡಿ. ಈಗ ಎರಡನ್ನೂ ಬೆರೆಸಿ: ಒಂದು, ಅ, ಎರಡು, ಆ, ಮೂರು, ಇ… ಹತ್ತರವರೆಗೆ. ಹೇಳಬೇಕಾದ ಪದಗಳು ಅವೇ ಇಪ್ಪತ್ತು. ಆದರೂ ಸಮಯ ಹೆಚ್ಚು ಹಿಡಿಯುತ್ತದೆ, ಏಳು-ಎಂಟರ ಹತ್ತಿರ ಬಹುಪಾಲು ಜನ ತೊದಲುತ್ತಾರೆ. (ಋ ಬಂದ ಕೂಡಲೇ ನಾವು ಪ್ರತಿ ಸಲವೂ ನಿಂತುಬಿಡುತ್ತೇವೆ.)

1927ರಲ್ಲಿ ಆರ್ಥರ್ ಜೆರ್ಸಿಲ್ಡ್ ಎಂಬ ಅಮೆರಿಕದ ಮನೋವಿಜ್ಞಾನಿ ಮಾಡಿದ್ದು ಹೆಚ್ಚುಕಡಿಮೆ ಇದನ್ನೇ. ಬರೀ ಕೂಡುವ ಲೆಕ್ಕದ ಪಟ್ಟಿ, ಬರೀ ಕಳೆಯುವ ಲೆಕ್ಕದ ಪಟ್ಟಿ, ಒಂದು ಕೂಡಿ ಒಂದು ಕಳೆಯುವ ಪಟ್ಟಿ. ಮೂರನೆಯದು ನಿಧಾನವಾಯಿತು. 2001ರಲ್ಲಿ ರೂಬಿನ್‌ಸ್ಟೈನ್, ಮೆಯರ್ ಮತ್ತು ಇವಾನ್ಸ್ ಇದನ್ನು ಮುಂದುವರಿಸಿ, ಕೆಲಸದ ನಿಯಮಗಳು ಸಿಕ್ಕುಸಿಕ್ಕಾದಷ್ಟೂ ಒಂದರಿಂದ ಇನ್ನೊಂದಕ್ಕೆ ಹೋಗಲು ತೆರುವ ಸಮಯವೂ ಹೆಚ್ಚುತ್ತದೆ ಎಂದು ತೋರಿಸಿದರು. ಅಂದರೆ ಗಮನ ಬೇಡುವ ಎರಡು ಕೆಲಸಗಳನ್ನು ಮೆದುಳು ಒಟ್ಟಿಗೆ ಮಾಡುತ್ತಿಲ್ಲ. ಒಂದನ್ನು ಇಳಿಸಿ ಇನ್ನೊಂದನ್ನು ಎತ್ತಿಕೊಳ್ಳುತ್ತಿದೆ, ಬಹಳ ಬೇಗ ಬೇಗ. ಪ್ರತಿ ಸಲ ಎತ್ತಿಕೊಳ್ಳುವಾಗಲೂ ಒಂದಿಷ್ಟು ಚೆಲ್ಲುತ್ತದೆ.

‘ನನಗೆ ಆಗುತ್ತೆ’ ಎನ್ನುವವರು ಇದ್ದೇ ಇರುತ್ತಾರೆ. ಅಂಥವರು ನಿಜವಾಗಿಯೂ ಇದ್ದಾರೆ, ಆದರೆ ಬಹಳ ಕಡಿಮೆ. 2010ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ವ್ಯಾಟ್ಸನ್ ಮತ್ತು ಸ್ಟ್ರೇಯರ್ 200 ಜನರನ್ನು ಡ್ರೈವಿಂಗ್ ಸಿಮ್ಯುಲೇಟರಿನಲ್ಲಿ ಕೂರಿಸಿ, ಕಾರು ಓಡಿಸುತ್ತಲೇ ಹ್ಯಾಂಡ್ಸ್‌ಫ್ರೀ ಫೋನಿನಲ್ಲಿ ಲೆಕ್ಕ ಮತ್ತು ನೆನಪಿನ ಪರೀಕ್ಷೆ ಕೊಟ್ಟರು. ಎರಡರಲ್ಲೂ ಏನೂ ಕೆಡದವರು ಶೇಕಡ 2.5 ಮಂದಿ ಮಾತ್ರ. 2013ರಲ್ಲಿ ಅದೇ ವಿಶ್ವವಿದ್ಯಾಲಯದ ಇನ್ನೊಂದು ಅಧ್ಯಯನ ನಮ್ಮಂಥವರಿಗೆ ಚುಚ್ಚುವಂಥದ್ದು: ಅತಿ ಹೆಚ್ಚು ಮಲ್ಟಿಟಾಸ್ಕಿಂಗ್ ಮಾಡುವವರು ಅದರಲ್ಲಿ ಅತಿ ಸಮರ್ಥರಲ್ಲ, ಹಲವು ಸಲ ಅದಕ್ಕೆ ತದ್ವಿರುದ್ಧ. ಹೆಂಗಸರು-ಗಂಡಸರು ಎಂಬ ಮಾತನ್ನೂ ಪರೀಕ್ಷಿಸಿದ್ದಾರೆ. 2019ರಲ್ಲಿ ಜರ್ಮನಿಯ ಸಂಶೋಧಕರು 48 ಹೆಂಗಸರು, 48 ಗಂಡಸರನ್ನು ಪರೀಕ್ಷಿಸಿದಾಗ ಎರಡೂ ಗುಂಪಿಗೆ ಒಂದೇ ರೀತಿ ಪೆಟ್ಟು ಬಿತ್ತು. ಹೂವಿನ ಚಿತ್ರದ ಮೇಲಿನ ಆ ಸಾಲು ಮನೆಯ ಎಲ್ಲ ಕೆಲಸವನ್ನೂ ಒಬ್ಬರ ಮೇಲೇ ಹಾಕಲು ಅನುಕೂಲವಾಗಿದೆ ಎಂಬುದನ್ನು ಬಿಟ್ಟರೆ ಅದಕ್ಕೆ ಬೇರೆ ಆಧಾರ ನಮಗೆ ಕಾಣಲಿಲ್ಲ.

‘ಅಮ್ಮ ಅಡುಗೆಮನೆಯಲ್ಲಿ ಮೂರು ಒಲೆ ಒಟ್ಟಿಗೆ ನೋಡಿಕೊಳ್ಳಲ್ಲವಾ?’ ಎಂದು ನೀವು ಕೇಳಬಹುದು. ಗಮನಿಸಿ ನೋಡಿ. ಅನ್ನ ಎಷ್ಟು ಬೆಂದಿದೆ ಎಂದು ಅಮ್ಮ ತಲೆಯಲ್ಲಿ ಲೆಕ್ಕ ಇಟ್ಟುಕೊಂಡಿರುವುದಿಲ್ಲ, ಅದನ್ನು ಕುಕ್ಕರ್ ಕೂಗಿ ಹೇಳುತ್ತದೆ. ಮಧ್ಯಾಹ್ನದ ಸಾರಿಗೆ ಬೇಕಾದ ಪುಡಿ ವರ್ಷಕ್ಕೊಂದು ಸಲ ಮಾಡಿ ಡಬ್ಬದಲ್ಲಿದೆ. ತರಕಾರಿಯೆಲ್ಲ ಒಟ್ಟಿಗೆ ಹೆಚ್ಚಿಯಾಗಿದೆ. ಆ ಹೊತ್ತಿಗೆ ಅವರ ಗಮನ ಇರುವುದು ಒಗ್ಗರಣೆಯ ಮೇಲೆ ಮಾತ್ರ. ಹಲವು ವೆಬ್‌ಸೈಟ್ ನೋಡಿಕೊಳ್ಳುವುದನ್ನು ನಾವು ಆಮೇಲೆ ಕಲಿತದ್ದು ಹೆಚ್ಚುಕಡಿಮೆ ಹೀಗೆ. ಮಾಡಿದ್ದನ್ನು ಹೇಳುತ್ತೇವೆ. ನಿಮ್ಮದು ಎರಡೇ ಸೈಟ್ ಇರಬಹುದು, ಅಥವಾ ಸೈಟೇ ಇಲ್ಲದೆ ಅಂಗಡಿಯ ಫೇಸ್‌ಬುಕ್ ಪೇಜ್, ಸಂಘದ ಯೂಟ್ಯೂಬ್ ಚಾನೆಲ್ ಇರಬಹುದು. ಅವಕ್ಕೂ ಇದು ಸಲ್ಲುತ್ತದೆ.

ತಲೆಯಿಂದ ಕಾಗದಕ್ಕೆ

ಮೊದಲು ಮಾಡಿದ್ದು ಒಂದು ಪಟ್ಟಿ. ಹೊಸ ಆ್ಯಪ್ ಅಲ್ಲ, ಒಂದು ಎಕ್ಸೆಲ್ ಶೀಟ್, ಅದರದ್ದೇ ಪ್ರಿಂಟ್. ಸೈಟಿಗೆ ಒಂದು ಸಾಲು. ಡೊಮೈನ್ ಎಲ್ಲಿ ತೆಗೆದುಕೊಂಡದ್ದು, ಯಾರ ಹೆಸರಿನಲ್ಲಿದೆ, ಯಾವ ಇಮೇಲ್ ಮತ್ತು ಯಾವ ಫೋನಿಗೆ ಒಟಿಪಿ ಬರುತ್ತದೆ, ಅವಧಿ ಯಾವತ್ತು ಮುಗಿಯುತ್ತದೆ, ಹಣ ಯಾರು ಕಟ್ಟುತ್ತಾರೆ, ಹೋಸ್ಟಿಂಗ್ ಎಲ್ಲಿದೆ, ಬ್ಯಾಕಪ್ ಎಲ್ಲಿದೆ, ನಮಗೆ ಏನಾದರೂ ಆದರೆ ಒಳಗೆ ಹೋಗಲು ಇನ್ಯಾರಿಗೆ ಆಗುತ್ತದೆ. ಕೊನೆಯ ಅಂಕಣ: ಈ ಸೈಟ್ ಯಾರಿಗಾಗಿ ಇದೆ?

ತುಂಬಲು ಕೂತಾಗ ನಾಚಿಕೆಯಾಯಿತು. ಉಳಿದ ಐದು ಸೈಟಿನಲ್ಲಿ ಎರಡರ ಡೊಮೈನ್ ಎಲ್ಲಿದೆ ಎಂದು ನಾಲ್ವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಳೆ ವಿದ್ಯಾರ್ಥಿಗಳ ಸಂಘದ್ದು ಕೆಲಸ ಸಿಕ್ಕಿ ಪುಣೆಗೆ ಹೋದ ಒಬ್ಬರ ಹಳೆಯ ಸಿಮ್ ನಂಬರಿನಲ್ಲಿತ್ತು. ಆ ನಂಬರನ್ನು ಅವರು ಬಿಟ್ಟು ಬಹಳ ದಿನವಾಗಿತ್ತು. ನಮ್ಮ ಊರುಗಳಲ್ಲಿ ಇದು ಅಪರೂಪವಲ್ಲ. ಶಾಲೆ, ಸಹಕಾರ ಸಂಘ, ದೇವಸ್ಥಾನ, ಹೊರದೇಶದ ಕನ್ನಡ ಸಂಘ, ಎಲ್ಲ ಕಡೆ ‘ಕಂಪ್ಯೂಟರ್ ಗೊತ್ತಿರುವ ಹುಡುಗ’ನೊಬ್ಬ ತನ್ನ ಸ್ವಂತ ಇಮೇಲಿನಲ್ಲಿ ಎಲ್ಲ ಮಾಡಿಕೊಟ್ಟಿರುತ್ತಾನೆ. ಅವನು ಊರು ಬಿಡುತ್ತಾನೆ. ಸೈಟಿನ ಕೀಲಿಕೈ ಅವನ ಜೊತೆ ಹೋಗುತ್ತದೆ, ಅವನಿಗೇ ಗೊತ್ತಿಲ್ಲದೆ.

ಪಟ್ಟಿಯಿಂದ ಆದ ದೊಡ್ಡ ಲಾಭ ನಾವು ಎಣಿಸಿದ್ದಲ್ಲ. ತಲೆ ಹಗುರಾಯಿತು. ಇದಕ್ಕೂ ಕಾರಣವಿದೆ. ಒಂದು ಹೊತ್ತಿನಲ್ಲಿ ಮನಸ್ಸು ಹಿಡಿದಿಟ್ಟುಕೊಳ್ಳಬಲ್ಲದ್ದು ಏಳು ಸಂಗತಿ ಎಂದು 1956ರಲ್ಲಿ ಜಾರ್ಜ್ ಮಿಲ್ಲರ್ ಬರೆದದ್ದು ಹೆಸರುವಾಸಿ. 2001ರಲ್ಲಿ ನೆಲ್ಸನ್ ಕೋವನ್ ಅದನ್ನು ಮರುಪರಿಶೀಲಿಸಿ, ನಾಲ್ಕರ ಆಸುಪಾಸು ಎಂದರು. ಆರು ಸೈಟಿನ ಆರಾರು ಸಂಗತಿಗೆ ಅಲ್ಲಿ ಜಾಗವೇ ಇಲ್ಲ. ಮೇಲಾಗಿ, ಅರ್ಧಕ್ಕೆ ಬಿಟ್ಟ ಕೆಲಸ ಮುಂದಿನ ಕೆಲಸಕ್ಕೂ ಅಂಟಿಕೊಂಡು ಬರುತ್ತದೆ. ಇದನ್ನು 2009ರಲ್ಲಿ ಸೋಫಿ ಲೆರಾಯ್ ‘ಗಮನದ ಶೇಷ’ ಎಂದು ಕರೆದರು: ಪಾತ್ರೆ ಬದಲಾಯಿಸಿದರೂ ಹಳೆಯದರ ಜಿಡ್ಡು ಕೈಯಲ್ಲೇ ಉಳಿದ ಹಾಗೆ. 2011ರಲ್ಲಿ ಮಸಿಕಾಂಪೋ ಮತ್ತು ಬೌಮೈಸ್ಟರ್ ಮಾಡಿದ ಪ್ರಯೋಗಗಳು ಇದಕ್ಕೆ ಒಂದು ದಾರಿ ತೋರಿಸುತ್ತವೆ. ಮುಗಿಯದ ಕೆಲಸ ತಲೆಯಲ್ಲಿ ಕೊರೆಯುವುದನ್ನು ನಿಲ್ಲಿಸಲು ಕೆಲಸ ಮುಗಿಯಲೇಬೇಕೆಂದಿಲ್ಲ. ಯಾವಾಗ, ಹೇಗೆ ಮಾಡುತ್ತೇನೆ ಎಂದು ಖಚಿತವಾಗಿ ಯೋಜಿಸಿದರೂ ಸಾಕಾಗುತ್ತದೆ. ‘ಡೊಮೈನ್ ನೋಡಬೇಕು’ ಎಂದು ಬರೆದರೆ ಪ್ರಯೋಜನವಿಲ್ಲ. ‘ಜೂನ್ 5, ಪುಸ್ತಕದಂಗಡಿ ಡೊಮೈನ್, ಮಾಲೀಕರ ಕಾರ್ಡಿನಿಂದ’ ಎಂದು ಬರೆದರೆ ಮನಸ್ಸು ಬಿಟ್ಟುಕೊಡುತ್ತದೆ.

ಪಟ್ಟಿ ಇಲ್ಲದಿದ್ದರೆ ಎಷ್ಟು ದೊಡ್ಡವರಿಗೂ ಏನಾಗುತ್ತದೆ ಎನ್ನಲು ಈಕ್ವಿಫ್ಯಾಕ್ಸ್ ಸಾಕ್ಷಿ. ಅಮೆರಿಕದಲ್ಲಿ ಜನರ ಸಾಲದ ಇತಿಹಾಸ ಇಟ್ಟುಕೊಳ್ಳುವ ಕಂಪನಿ. 2017ರ ಮಾರ್ಚಿನಲ್ಲಿ ಅಪಾಚೆ ಸ್ಟ್ರಟ್ಸ್ ಎಂಬ ತಂತ್ರಾಂಶದಲ್ಲಿ ದೋಷ ಇರುವುದು ಬಯಲಾಯಿತು, ಸರಿಪಡಿಸುವ ಅಪ್‌ಡೇಟ್ ಕೂಡ ಬಂತು. ‘ಎಲ್ಲರೂ ಅಪ್‌ಡೇಟ್ ಮಾಡಿ’ ಎಂದು ಕಂಪನಿಯೊಳಗೆ ಮೇಲ್ ಹೋಯಿತು. ಆದರೆ ಆ ತಂತ್ರಾಂಶ ತಮ್ಮ ಯಾವ ಯಾವ ಸೈಟಿನಲ್ಲಿದೆ ಎಂಬ ಪೂರ್ತಿ ಪಟ್ಟಿ ಅವರಲ್ಲಿರಲಿಲ್ಲ. ಒಂದು ಸೈಟ್ ಉಳಿದುಹೋಯಿತು. ಕಳ್ಳರು ಮೇ ತಿಂಗಳಿನಿಂದ ಜುಲೈವರೆಗೆ ಅಲ್ಲೇ ಓಡಾಡಿದರು. ಅವರನ್ನು ಹಿಡಿಯಬೇಕಿದ್ದ ಸಾಧನವೊಂದರ ಸರ್ಟಿಫಿಕೇಟ್ ಅವಧಿ ಮುಗಿದು ತಿಂಗಳುಗಳೇ ಆಗಿತ್ತು, ಅದನ್ನೂ ಯಾರೂ ನೋಡಿರಲಿಲ್ಲ. ಜುಲೈ ಕೊನೆಯಲ್ಲಿ ಹೊಸ ಸರ್ಟಿಫಿಕೇಟ್ ಹಾಕಿದ ಕೂಡಲೇ ಕಳ್ಳತನ ಕಣ್ಣಿಗೆ ಬಿತ್ತು. ಅಷ್ಟರಲ್ಲಿ ಸುಮಾರು 14.7 ಕೋಟಿ ಜನರ ವಿವರ ಹೋಗಿತ್ತು.

ಪಾಸ್‌ವರ್ಡುಗಳನ್ನು ಮಾತ್ರ ಆ ಪಟ್ಟಿಯಲ್ಲಿ ಬರೆಯಬೇಡಿ, ಗ್ರೂಪಿನಲ್ಲಂತೂ ಹಾಕಲೇಬೇಡಿ. ಅದಕ್ಕೆ ಪಾಸ್‌ವರ್ಡ್ ಮ್ಯಾನೇಜರ್ ಆ್ಯಪುಗಳಿವೆ. ಎಲ್ಲ ಸೈಟಿಗೂ ಒಂದೇ ಪಾಸ್‌ವರ್ಡ್ ಇಟ್ಟರೆ ನೆನಪಿಗೆ ಸುಲಭ, ಕಳ್ಳನಿಗೂ ಅಷ್ಟೇ ಸುಲಭ. ‘ಪ್ರತಿ ತಿಂಗಳು ಪಾಸ್‌ವರ್ಡ್ ಬದಲಾಯಿಸಿ’ ಎಂಬ ಫಾರ್ವರ್ಡನ್ನು ಮಾತ್ರ ಬಿಟ್ಟುಬಿಡಬಹುದು. ಸೋರಿಕೆಯ ಸುಳಿವಿಲ್ಲದೆ ಸುಮ್ಮನೆ ಅವಧಿಗೊಮ್ಮೆ ಬದಲಾಯಿಸಲು ಒತ್ತಾಯಿಸಬೇಡಿ ಎಂದು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರಲ್ಲೇ ಹೇಳಿದೆ. ಒತ್ತಾಯಕ್ಕೆ ಜನ ಹಳೆಯದರ ಕೊನೆಗೆ 1, 2, 3 ಸೇರಿಸುತ್ತಾರೆ, ಅಷ್ಟೇ.

ಸೈಟಿಗೊಂದು ದಿನ ಅಲ್ಲ, ಕೆಲಸಕ್ಕೊಂದು ದಿನ

ಸೋಮವಾರ ಹೋಂಸ್ಟೇ, ಮಂಗಳವಾರ ನಾಟಕ ತಂಡ ಎಂದು ವೇಳಾಪಟ್ಟಿ ಹಾಕಿ ನೋಡಿದೆವು. ಎರಡು ವಾರವೂ ನಡೆಯಲಿಲ್ಲ. ಹೋಂಸ್ಟೇ ಎಂದು ಕೂತರೆ ಅದರೊಳಗೇ ಐದು ಬಗೆಯ ಕೆಲಸ: ಅಪ್‌ಡೇಟ್, ಫೋಟೋ, ಬಿಲ್, ಬಂದ ಮೇಲ್‌ಗೆ ಉತ್ತರ, ಬರವಣಿಗೆ. ಸೈಟ್ ಒಂದೇ ಆದರೂ ತಲೆ ಐದು ಸಲ ಗೇರ್ ಬದಲಾಯಿಸಬೇಕು. ಆಮೇಲೆ ತಿರುಗಿಸಿದೆವು. ತಿಂಗಳ ಮೊದಲ ಶನಿವಾರ ಬೆಳಿಗ್ಗೆ ಐದೂ ಸೈಟಿನ ಅಪ್‌ಡೇಟ್ ಮಾತ್ರ. ಒಂದೇ ಕೆಲಸ, ಐದು ಕಡೆ. ಎರಡನೆಯ ಸೈಟಿನ ಹೊತ್ತಿಗೆ ಕೈ ಪಳಗಿರುತ್ತದೆ. ಬ್ಯಾಕಪ್ ಪರೀಕ್ಷೆ ಇನ್ನೊಂದು ದಿನ. ಬರವಣಿಗೆಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ. ಹೋಂಸ್ಟೇ ಬಗ್ಗೆ ಬರೆದ ಕೈಯಲ್ಲೇ ಆ ಕ್ಷಣ ನಾಟಕದ ಬಗ್ಗೆ ಬರೆದರೆ ಎರಡೂ ಜಾಹೀರಾತಿನ ಹಾಗೆ ಕೇಳಿಸುತ್ತವೆ. ಅದನ್ನು ಸೈಟಿನಿಂದ ಸೈಟಿಗೆ ಬೇರೆಬೇರೆ ದಿನ ಇಟ್ಟುಕೊಂಡಿದ್ದೇವೆ.

ಯಂತ್ರಕ್ಕೆ ಬಿಡಬಹುದಾದದ್ದನ್ನು ಯಂತ್ರಕ್ಕೆ ಬಿಡಿ. ಜಗತ್ತಿನ ಶೇಕಡ 40ಕ್ಕೂ ಹೆಚ್ಚು ವೆಬ್‌ಸೈಟುಗಳು ನಡೆಯುವುದು ವರ್ಡ್‌ಪ್ರೆಸ್ ಮೇಲೆ. ಅದರ ಸಣ್ಣ ಸುರಕ್ಷತಾ ಅಪ್‌ಡೇಟುಗಳು 2013ರಿಂದ ತಾವಾಗಿಯೇ ಆಗುತ್ತವೆ, ಪ್ಲಗಿನ್‌ಗಳಿಗೂ ಆ ಆಯ್ಕೆ 2020ರಿಂದ ಇದೆ. ವಿಳಾಸದ ಪಕ್ಕ ಬೀಗದ ಗುರುತು ತರುವ ಸರ್ಟಿಫಿಕೇಟಿನ ಗರಿಷ್ಠ ಅವಧಿಯನ್ನು ಹಂತಹಂತವಾಗಿ ಇಳಿಸಿ 2029ರ ಮಾರ್ಚಿಗೆ 47 ದಿನಕ್ಕೆ ತರುವುದು ಈಗಾಗಲೇ ತೀರ್ಮಾನವಾಗಿದೆ. ಅದನ್ನು ಕೈಯಲ್ಲಿ ನವೀಕರಿಸುತ್ತೇನೆ ಎನ್ನುವುದು ಇನ್ನು ಮುಂದೆ ಆಗದ ಮಾತು. ಸೈಟ್ ನಿಂತುಹೋದರೆ ಮೆಸೇಜ್ ಕಳಿಸುವ ಉಚಿತ ಸೇವೆಗಳಿವೆ. ಅದು ನಮ್ಮ ಕುಕ್ಕರ್ ಕೂಗು. ಅದೊಂದನ್ನು ಇಟ್ಟುಕೊಂಡು ಉಳಿದ ನೋಟಿಫಿಕೇಶನ್ ಎಲ್ಲ ಬಂದ್ ಮಾಡಿದೆವು. ಮೊದಲ ವಾರ ಕೈ ತುರಿಸಿತು ನಿಜ. ಪದೇ ಪದೇ ಅಡ್ಡಿಯಾದಾಗ ಜನ ಕೆಲಸವನ್ನು ಅವಸರದಿಂದ ಮುಗಿಸಿಬಿಡುತ್ತಾರೆ, ಆದರೆ ಒತ್ತಡ ಮತ್ತು ಕಿರಿಕಿರಿ ಹೆಚ್ಚುತ್ತದೆ ಎಂದು ಗ್ಲೋರಿಯಾ ಮಾರ್ಕ್ ಮತ್ತು ಸಂಗಡಿಗರು 2008ರಲ್ಲಿ ಕಂಡಿದ್ದರು. ‘ಕೆಲಸವೇನೋ ಆಗ್ತಿದೆ, ಆದರೂ ಸಾಕಾಗಿಹೋಗಿದೆ’ ಎನ್ನುವ ಸ್ಥಿತಿ ಅದೇ.

ಬ್ಯಾಕಪ್ ವಿಷಯಕ್ಕೆ ಒಂದೇ ಮಾತು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ದತ್ತಾಂಶ ಕೇಂದ್ರ ಸುಟ್ಟುಹೋಯಿತು. ಲಕ್ಷಾಂತರ ಸೈಟುಗಳು ನಿಂತವು. ಬ್ಯಾಕಪ್ಪನ್ನೂ ಅದೇ ಆವರಣದಲ್ಲಿ ಇಟ್ಟಿದ್ದವರಲ್ಲಿ ಕೆಲವರಿಗೆ ಏನೂ ಉಳಿಯಲಿಲ್ಲ. ಮನೆಯ ಇನ್ನೊಂದು ಕೀಲಿಕೈಯನ್ನು ಮನೆಯೊಳಗೇ ಇಟ್ಟು ಬಾಗಿಲು ಎಳೆದುಕೊಂಡ ಹಾಗೆ.

ಮುಚ್ಚುವುದೂ ಒಂದು ಕೆಲಸ

‘ಯಾರಿಗಾಗಿ ಇದೆ?’ ಎಂಬ ಅಂಕಣ ಎರಡು ಸೈಟಿಗೆ ಖಾಲಿ ಉಳಿಯಿತು. ಸಂಕಿರಣ ಮುಗಿದು ವರ್ಷವಾಗಿತ್ತು. ನಾಟಕ ತಂಡ ಇನ್‌ಸ್ಟಾಗ್ರಾಮಿನಲ್ಲೇ ಸುಖವಾಗಿತ್ತು. ಎರಡನ್ನೂ ಮುಚ್ಚಿದೆವು. ಆದರೆ ಈ ಸಲ ಹೆಸರನ್ನು ಬಿಡಲಿಲ್ಲ. ‘ಈ ಸೈಟ್ ಮುಗಿದಿದೆ’ ಎಂಬ ಒಂದು ಪುಟ ಇಟ್ಟು, ಡೊಮೈನ್ ಬಾಡಿಗೆಯನ್ನು ಇನ್ನೂ ಕೆಲವು ವರ್ಷಕ್ಕೆ ಕಟ್ಟಿದೆವು. ಸೈಟನ್ನು ಕೂಡಲೇ ನಿಲ್ಲಿಸಬಹುದು, ಹೆಸರನ್ನು ಕೂಡಲೇ ಬಿಡಬಾರದು. ಎಷ್ಟು ವರ್ಷ ಎನ್ನುವುದು ಆ ಸೈಟಿನ ಮಾತನ್ನು ನಂಬಿ ಯಾರು ಏನು ಮಾಡಬಹುದು ಎಂಬುದರ ಮೇಲೆ. ನಾಟಕದ ಸೈಟಿಗೆ ಮೂರು ವರ್ಷ ಸಾಕು ಎಂದುಕೊಂಡಿದ್ದೇವೆ. ಔಷಧ, ಹಣ, ಶಾಲೆಯ ಪ್ರವೇಶದಂಥ ವಿಷಯದ ಸೈಟಾದರೆ ಬಿಡಲೇಬಾರದು ಎಂಬುದು ನಮ್ಮ ಅಭಿಪ್ರಾಯ.

ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಲೆಕ್ಕ ಹಾಕಿದಂತೆ, 2013ರಲ್ಲಿ ಇದ್ದ ವೆಬ್ ಪುಟಗಳಲ್ಲಿ ಶೇಕಡ 38ರಷ್ಟು ಹತ್ತು ವರ್ಷದ ನಂತರ ತೆರೆಯುತ್ತಿರಲಿಲ್ಲ. ತೆರೆಯದ ಲಿಂಕ್ ಅಪಾಯವಿಲ್ಲದ್ದು. ಬೇರೆಯವರ ಕೈಗೆ ಹೋಗಿಯೂ ತೆರೆಯುವ ಲಿಂಕ್ ಅಪಾಯದ್ದು. ಆದ್ದರಿಂದ ಹಳೆಯ ಫಾರ್ವರ್ಡನ್ನು ಮತ್ತೆ ಕಳಿಸುವ ಮುಂಚೆ ಒಂದು ಸಲ ತೆರೆದು ನೋಡಿ. ‘ಈ ಲಿಂಕ್ ನನಗೆ ಗೊತ್ತು’ ಎಂಬ ನೆನಪನ್ನು ನಂಬಬೇಡಿ. ಅನುಮಾನ ಬಂದರೆ ಹೂ-ಈಸ್ ಎಂಬ ಹುಡುಕಾಟದಲ್ಲಿ ಆ ವಿಳಾಸ ಹಾಕಿದರೆ ಡೊಮೈನ್ ಯಾವತ್ತು ನೋಂದಣಿಯಾದದ್ದು ಎಂದು ಕಾಣುತ್ತದೆ. ಹತ್ತು ವರ್ಷದಿಂದ ಇದ್ದೇವೆ ಎನ್ನುವ ಸೈಟು ಹೋದ ತಿಂಗಳು ನೋಂದಣಿಯಾಗಿದ್ದರೆ ಬೋರ್ಡು ಹಳೆಯದು, ಅಂಗಡಿ ಹೊಸದು. ಇಂಟರ್ನೆಟ್ ಆರ್ಕೈವ್ ಸಂಸ್ಥೆಯ ವೇಬ್ಯಾಕ್ ಮಷೀನ್‌ನಲ್ಲಿ ಅದೇ ವಿಳಾಸದ ಹಳೆಯ ಪುಟಗಳೂ ಹಲವು ಸಲ ಸಿಗುತ್ತವೆ.

ನಮ್ಮ ಪಾದದ ಲೇಖನವೂ ನಮಗೆ ಅಲ್ಲಿಂದಲೇ ವಾಪಸ್ ಸಿಕ್ಕಿತು. ಡೊಮೈನ್ ಸಿಗಲಿಲ್ಲ, ಕೊಂಡವರು ಕೇಳಿದ ಹಣ ನಮ್ಮ ಹತ್ತಿರ ಇರಲಿಲ್ಲ. ಪಟ್ಟಿಯ ಮೊದಲ ಸಾಲಿನಲ್ಲಿ ಆ ಹೆಸರು ಈಗಲೂ ಇದೆ, ಪಕ್ಕದಲ್ಲಿ ‘ನಮ್ಮದಲ್ಲ’ ಎಂದು ಬರೆದಿದೆ. ನಮಗೆ ಗೊತ್ತಿದ್ದ ಗ್ರೂಪುಗಳಿಗೆಲ್ಲ ‘ಆ ಲಿಂಕ್ ತೆರೆಯಬೇಡಿ’ ಎಂದು ಹಾಕಿದೆವು. ಹೂವಿನ ಚಿತ್ರವಿಲ್ಲದ ಆ ಮೆಸೇಜ್ ಹೆಚ್ಚು ದೂರ ಹೋಗಲಿಲ್ಲ. ದೊಡ್ಡಮ್ಮ ಮಾತ್ರ ಅದನ್ನು ತಮ್ಮ ಎಲ್ಲ ಗ್ರೂಪಿಗೂ ಕಳಿಸಿದರು, ಆಮೇಲೆ ಫೋನ್ ಮಾಡಿ ಹೊಸ ಲಿಂಕ್ ಎಲ್ಲಿ ಎಂದು ಕೇಳಿದರು.